ಸುಳಿ ಮಂಟಪ

"ಇದನ್ನೆಲ್ಲ ಕೊಯ್ದವಳು ನೀನೇನಾ?"

ಬಗ್ಗಿದ್ದ ಇಂದಿರಾ ಬಗ್ಗಿದ ಹಾಗೆಯೇ ತಲೆಯೆತ್ತಿದಳು. ಎಡಗೈ ಕತ್ತಿಯಂಥ ಉದ್ದೆಲೆಗಳ ಫ್ಲ್ಯಾಕ್ಸ್ ಗಿಡದ ಒಡಲೊಳಗೆ ಮೊಣಕೈವರೆಗೂ ಇಳಿದಿತ್ತು, ಬಲಗೈಯಲ್ಲಿ ಚಾಕು. ಬೇಲಿಯಾಚೆ ಹಿಂಬದಿ ತೆರೆದ ಯೂಟ್ ಗಾಡಿ ನಿಲ್ಲಿಸಿ ರಿಪೆಕಾ ಇಳಿದು ಬಂದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಬೇಸಿಗೆಯಿಡೀ ಉತ್ತರದಲ್ಲಿ ಮಗಳ ಮನೆಯಲ್ಲಿದ್ದ ರಿಪೆಕಾ ಮರಳಿ ಬರುವುದು ಇನ್ನೂ ತಡವೆಂದೇ ಅವಳು ಎಣಿಸಿದ್ದಳು.

"ಹೌದು ಆಂಟಿ. ಯಾವಾಗ ಬಂದ್ರಿ? ಮೊದಲೇ ಹೇಳಿದ್ರೆ ಊಟ ಕಟ್ಟಿಸ್ಕೊಂಡು ಬರ್ತಿದ್ದೆ."

ರಿಪೆಕಾ ಮೊದಲನೆಯ ಗಿಡದ ಹತ್ತಿರ ಹೋಗಿ ಎರಡೂ ಕೈಯಿಂದ ಎಲೆ ಬಿಡಿಸಿ ನಡುವೆ ನೋಡಿದಳು. ಆಮೇಲೆ ಎರಡನೆಯದು, ಅದರ ಮುಂದಿನದು. ಹಿಂದೆಯೇ ಹೊರಟ ಇಂದಿರಾಳ ಮುಖದಲ್ಲಿ ನಗು ಇನ್ನೂ ಇತ್ತು. ತನ್ನ ಕೈಚಳಕವನ್ನೇ ನೋಡುತ್ತಿದ್ದಾಳೆ ಎಂದುಕೊಂಡಿದ್ದಳು ಪಾಪ. "ಒಂದು ಗೀರೂ ಬೀಳದ ಹಾಗೆ ತೆಗೆದಿದ್ದೀನಿ ಆಂಟಿ, ಪಕ್ಕದ ಎಲೆಗೆ ಚಾಕು ಸೋಕಿಲ್ಲ" ಎಂದೂ ಹೇಳಿಬಿಟ್ಟಳು.

ಇಬ್ಬರೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲೇ. ಆಂಟಿ ಎಂಬ ಮಾತು ಮಾತ್ರ ಇಬ್ಬರ ಮನೆಯದೂ ಹೌದು. ಊರಿನ ರೊಟೊಟೂನ ಬಡಾವಣೆಯ ಕನ್ನಡ ಮನೆಗಳಲ್ಲಿ ಹೇಗೋ ವೈಕಾಟೊ ನದಿಯ ಈ ದಂಡೆಯ ಮಾವೋರಿ ಮನೆಗಳಲ್ಲೂ ಹಾಗೇ, ಒಂದು ವಯಸ್ಸು ದಾಟಿದ ಹೆಂಗಸರೆಲ್ಲ ಊರಿಗೇ ಆಂಟಿಯರು. ರಿಪೆಕಾ ಅಂತೂ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು, ಅರ್ಧ ಜಿಲ್ಲೆಗೆ ಆಂಟಿ. ಫ್ಲ್ಯಾಕ್ಸ್ ಎಲೆಯಿಂದ ಬುಟ್ಟಿ, ಚಾಪೆ ಹೆಣೆಯುವುದನ್ನು ಅವಳಿಂದ ಕಲಿತವರು ಊರೂರಿನಲ್ಲಿದ್ದರು. ಆ ಗಿಡಕ್ಕೆ ಅವಳ ಭಾಷೆಯಲ್ಲಿ ಹರಾಕೆಕೆ ಎಂದು ಹೆಸರು. ಬೇಲಿಯೊಳಗಿನ ಈ ಸಾಲುಗಳನ್ನು ನೆಟ್ಟದ್ದು ಅವಳ ತಾಯಿ.

ಇಂದಿರಾ ಮೈಸೂರಿನವಳು. ಹ್ಯಾಮಿಲ್ಟನ್ ಆಸ್ಪತ್ರೆಯಲ್ಲಿ ಬಹುಕಾಲ ನರ್ಸಾಗಿ ದುಡಿದು, ಸೊಂಟನೋವಿಗೆ ಸೋತು ಕೆಲಸ ಬಿಟ್ಟು, ಮನೆಯ ಗ್ಯಾರೇಜಿನಲ್ಲಿ ಮದುವೆ ಮಂಟಪ ಕಟ್ಟಿಕೊಡುವ ಸಣ್ಣ ವ್ಯಾಪಾರ ತೆರೆದಿದ್ದಳು. ಉಳಿದವರೆಲ್ಲ ಪೆನ್‌ರೋಸ್‌ನ ಗೋಡೌನುಗಳಿಂದ ಪ್ಲಾಸ್ಟಿಕ್ ಹೂವು ತಂದು ಸುರಿಯುತ್ತಿದ್ದರು. ಇವಳಿಗೆ ಅದು ಕಂಡರಾಗದು. ಅವಳ ಸೋದರತ್ತೆ ತೆಂಗಿನ ಎಳೆಗರಿಯಲ್ಲಿ ಗಿಳಿ, ಸರಪಳಿ, ಬೀಸಣಿಗೆ ಎಲ್ಲ ಮಡಿಸಿ ಚಪ್ಪರಕ್ಕೆ ಕಟ್ಟುತ್ತಿದ್ದವಳು. ಕೈಗೆ ಆ ವಿದ್ಯೆ ಬಂದಿತ್ತು, ತೆಂಗೇ ಇರಲಿಲ್ಲ. ಒಮ್ಮೆ ಕುತೂಹಲಕ್ಕೆ ಫ್ಲ್ಯಾಕ್ಸ್ ಗಿಡದ ನಡುವಿನ ಸುಳಿಯನ್ನು ಎಳೆದು ನೋಡಿದಳು. ಬೆಣ್ಣೆ ಬಣ್ಣ, ಹೇಳಿದ ಕಡೆ ಬಾಗುತ್ತದೆ. ಅಲ್ಲಿಂದ ಅವಳ 'ಸುಳಿ ಮಂಟಪ' ಹೆಸರಾಯಿತು. ಸುಳಿ ತೆಗೆಯುವುದು ಹೇಗೆ, ಮಡಿಸುವುದು ಹೇಗೆ ಎಂದು ಅವಳು ಹಾಕಿದ ವಿಡಿಯೋ ಕನ್ನಡದವರ ಎಲ್ಲ ಗುಂಪುಗಳಲ್ಲೂ ಓಡಾಡಿತು. ಗಂಟೆಗೂ ಮೀರಿದ ದಾರಿಯ ಈಸ್ಟ್ ತಮಾಕಿಯಿಂದಲೂ ಜನ ಕರೆಯತೊಡಗಿದರು.

ಅವಳಿಗೆ ಈ ತೋಟದ ಬಾಗಿಲು ತೆರೆದವಳು ರಿಪೆಕಾಳೇ. ಅವಳ ಗಂಡ ಕೊನೆಯ ದಿನಗಳನ್ನು ಕಳೆದದ್ದು ಇಂದಿರಾಳ ವಾರ್ಡಿನಲ್ಲಿ. "ನಿನಗೆ ಎಲೆ ಬೇಕಾದಾಗ ಬಂದು ತಗೋ, ಕೇಳೋದೂ ಬೇಡ" ಎಂದಿದ್ದಳು. ಇಂದಿರಾ ಹಾಗೆಯೇ ತೆಗೆದುಕೊಂಡಳು. ಬೇಸಿಗೆಯ ಮದುವೆಗಳಿಗೆಲ್ಲ ಇಲ್ಲಿಂದಲೇ ಎಲೆ ಹೋಗಿತ್ತು.

ಸಾಲಿನ ಕೊನೆ ಮುಟ್ಟಿ ರಿಪೆಕಾ ತಿರುಗಿ ನಿಂತಳು. "ಬಾ ಇಲ್ಲಿ" ಎಂದು ಕರೆದು, ಇನ್ನೂ ಕೊಯ್ಯದೆ ಉಳಿದಿದ್ದ ಒಂದು ಗಿಡದ ಎಲೆಗಳನ್ನು ಬೀಸಣಿಗೆಯಂತೆ ಬಿಡಿಸಿದಳು. "ನಡುವೆ ಇರೋದು ಮಗು. ಎರಡು ಕಡೆಯಿಂದ ಅಪ್ಪಿಕೊಂಡಿರೋದು ಅಪ್ಪ ಅಮ್ಮ. ಅದರಾಚೆ ಇರೋರೆಲ್ಲ ಅಜ್ಜ ಅಜ್ಜಿಯರು. ನಾವು ಕೊಯ್ಯೋದು ಅಜ್ಜ ಅಜ್ಜಿಯರನ್ನ ಮಾತ್ರ. ಅಪ್ಪ ಅಮ್ಮನ್ನ ಮುಟ್ಟಲ್ಲ. ಮಗುವನ್ನಂತೂ ಯಾವತ್ತೂ ಇಲ್ಲ."

"ಮಗು ತೆಗೆದ್ರೆ?"

"ಆ ಸಂಸಾರ ಅಲ್ಲಿಗೆ ಮುಗೀತು. ಬೇಸಿಗೆಯಲ್ಲಿ ಕೊಯ್ದದ್ದರ ಒಳಗೆ ಬೆರಳು ಹಾಕಿ ನೋಡು."

ಇಂದಿರಾ ಹಾಕಿ ನೋಡಿದಳು. ಸುಳಿ ಇದ್ದ ಜಾಗದಲ್ಲಿ ನೀರು ನಿಂತು ಕೊಳೆತಿತ್ತು. ಬೆರಳಿಗೆ ಕಪ್ಪು ಲೋಳೆ ಹತ್ತಿತು. ಪಕ್ಕದ್ದರಲ್ಲೂ ಹಾಗೇ. ಈ ಸಾಲಿನಲ್ಲಿ ತಾನು ಕೈ ಹಾಕದೆ ಉಳಿದದ್ದು ರಿಪೆಕಾ ತೋರಿಸಿದ ಆ ಒಂದೇ ಗಿಡ.

"ಆಂಟಿ, ನಮ್ಮ ಕಡೆ ಎಳೆಯದೇ ಶ್ರೇಷ್ಠ. ದೇವರಿಗೆ ಎಳೇದು, ಮದುಮಕ್ಕಳಿಗೆ ಎಳೇದು. ಬಂದ ನೆಂಟರಿಗೆ ಕುಡಿ ಬಾಳೆಲೆ ಹಾಕದೆ ಹೊರಗಿನ ಹರಕು ಎಲೆ ಹಾಕಿದ್ರೆ ಏಳು ತಲೆಮಾರು ಆಡ್ಕೋತಾರೆ. ಬಾಳೆಗೆ ಸುಳಿ ಕೊಯ್ದ್ರೂ ಒಳಗಿಂದ ಮತ್ತೆ ನುಗ್ಗಿ ಬರತ್ತೆ. ಇದೂ ಹಾಗೇ ಅಂದ್ಕೊಂಡೆ. ಹೊರಗಿನ ಮುದಿ ಎಲೆ ತಗೊಂಡು ಹೋದ್ರೆ ನಿಮ್ಮ ಗಿಡಕ್ಕೇ ಅವಮಾನ ಮಾಡಿದ ಹಾಗೆ ಅನ್ನಿಸ್ತು."

ರಿಪೆಕಾ ಅವಳನ್ನು ದಿಟ್ಟಿಸಿ ನೋಡಿದಳು. ನಗು ಬಂದೂ ಬಾರದ ಹಾಗೆ ತುಟಿ ಅಲುಗಿತು. "ನನಗೆ ಸಿಟ್ಟು ಬಂದಿದೆ ಇಂದಿರಾ. ಅರ್ಧ ನಿನ್ನ ಮೇಲೆ, ಅರ್ಧ ನನ್ನ ಮೇಲೆ. ತಗೋ ಅಂತ ಹೇಳಿದೆ, ಹೇಗೆ ಅಂತ ಹೇಳಿಕೊಡದೆ ಹೋದೆ. ಚಾಕು ಕೊಡು."

ಇಂದಿರಾ ಚಾಕು ಕೊಟ್ಟಳು. ರಿಪೆಕಾ ಅದನ್ನು ಒರೆಸಿ ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. "ಬುಧವಾರ ಬಾ. ಗ್ಲೌಸ್ ತಗೊಂಡು ಬಾ, ಚಾಕು ಬೇಡ. ಮುಂದೆ ನೀನು ಇಲ್ಲಿ ಕೊಯ್ಯಬಹುದೋ ಇಲ್ಲವೋ ಆಮೇಲೆ ನೋಡೋಣ."

ಮನೆಗೆ ಬಂದ ಇಂದಿರಾ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತವಳು ಏಳಲೇ ಇಲ್ಲ. ಬರುವ ತಿಂಗಳು ರಚನಾಳ ಮಗಳು ಶ್ರೀರಕ್ಷಾಳ ಮದುವೆ. ರಚನಾ ಊರಿಗೆ ಹೆಸರಾದ ಹಲ್ಲಿನ ಡಾಕ್ಟರು. ಅವಳ ಕುರ್ಚಿಯಲ್ಲಿ ಬಾಯಿ ತೆರೆಯದ ಕನ್ನಡಿಗನಿಲ್ಲ, ಅವಳು ಬಾಯಿ ತೆರೆದರೆ ಕೇಳದ ಕನ್ನಡಿಗನೂ ಇಲ್ಲ. ಅಂಥವಳು ಸುಳಿ ಮಂಟಪವೇ ಬೇಕೆಂದು ವರ್ಷದ ಹಿಂದೆಯೇ ಹೇಳಿಟ್ಟಿದ್ದಳು. ಆ ಮದುವೆಯಲ್ಲಿ ಎಡವಿದರೆ ಮುಂದೆ ಯಾರೂ ಕರೆಯುವುದಿಲ್ಲ. ಸುಳಿ ಕಟ್ಟಿದರೆ ರಿಪೆಕಾಳಿಗೆ ಮುಖ ತೋರಿಸುವ ಹಾಗಿಲ್ಲ. ಇಂದಿರಾಳಿಗೆ ಎರಡೂ ಬೇಕಾಗಿತ್ತು, ಅದೇ ಕಷ್ಟ.

ಡ್ಯೂಟಿ ಮುಗಿಸಿ ಬಂದ ಗಂಡ ಲಿಂಗರಾಜ ಇಣುಕಿದ. ಅವನೂ ಅದೇ ಆಸ್ಪತ್ರೆಯಲ್ಲಿ ನರ್ಸು, ಹುಬ್ಬಳ್ಳಿಯವನು. "ಯಾಕ, ಮಾರಿ ಸಣ್ಣದು ಮಾಡ್ಕೊಂಡು ಕುಂತಿ?"

ಎಲ್ಲ ಕೇಳಿದ ಮೇಲೆ ತಲೆ ಕೆರೆದುಕೊಂಡ. "ಅಲ್ಲಾ, ಊರತುಂಬ ಆ ಗಿಡಾನ ಐತಿ. ರೌಂಡ್‌ಅಬೌಟಿನ್ಯಾಗ ಐತಿ, ಪೆಟ್ರೋಲ್ ಪಂಪಿನ ಮುಂದ ಐತಿ. ಅವನ್ನೂ ಆಂಟಿ ಅವ್ವನ ಹಚ್ಚ್ಯಾಳೇನು? ಅಲ್ಲಿ ಕೊಯ್ಕೊಂಡ್ರ ಯಾರ್ ಕೇಳ್ತಾರ?"

"ಯಾರೂ ಕೇಳಲ್ಲ."

"ಮತ್ತ?"

ಆ ವಾರವೇ ಇಂದಿರಾ ಬಾಡಿಗೆಗೆ ತಂದಿದ್ದ ಮಂಟಪದ ಕಂಬಗಳನ್ನು ಮರಳಿಸಲು ಈಸ್ಟ್ ತಮಾಕಿಗೆ ಹೋದಾಗ ಅಲ್ಲಿನ ಗೋಡೌನಿನ ಪಾರ್ಕಿಂಗ್ ಜಾಗದ ಅಂಚಿನಲ್ಲಿ ಫ್ಲ್ಯಾಕ್ಸ್ ಹುಲುಸಾಗಿ ಬೆಳೆದಿತ್ತು. ಭಾನುವಾರ, ಆ ಅಂಚಿನ ಕಡೆ ನರಪಿಳ್ಳೆ ಇರಲಿಲ್ಲ. ಕಾರಿನಲ್ಲಿ ಇನ್ನೊಂದು ಚಾಕು ಇತ್ತು. ಇಂದಿರಾ ಒಂದು ಗಿಡದೊಳಕ್ಕೆ ಕೈ ಇಳಿಸಿದಳು. ಅಪ್ಪ ಅಮ್ಮ ಎಂದು ರಿಪೆಕಾ ಹೇಳಿದ ಎಲೆಗಳು ಸುಳಿಯನ್ನು ಅಂಟುಲೋಳೆಯಿಂದ ಬಿಗಿಯಾಗಿ ಕಚ್ಚಿಕೊಂಡಿದ್ದವು. ಎಷ್ಟು ಗಿಡದಲ್ಲಿ ಈ ಬಿಗಿಯನ್ನು ಬೆರಳಿಂದ ಬಿಡಿಸಿದ್ದಳೋ ಏನೋ, ಗಮನಕ್ಕೇ ಬಂದಿರಲಿಲ್ಲ. ಅವಳು ಕೈ ತೆಗೆದು ಸೀರೆಗೆ ಒರೆಸಿಕೊಂಡು ಬಂದುಬಿಟ್ಟಳು.

ಬುಧವಾರಗಳು ಶುರುವಾದವು. ಮೊದಲ ದಿನ ರಿಪೆಕಾ ಅವಳ ಕೈಗೆ ಗುದ್ದಲಿ ಕೊಟ್ಟು, "ನೀನು ಕೊಂದದ್ದನ್ನ ನೀನೇ ತೆಗಿ" ಎಂದಳು. ಮಾತಿನಲ್ಲಿ ಸಕ್ಕರೆ ಸವರುವ ಅಭ್ಯಾಸ ಆ ಹೆಂಗಸಿಗಿರಲಿಲ್ಲ. ಕೊಳೆತ ಬುಡಗಳನ್ನು ಅಗೆದು, ಬಸವನಹುಳು ಆರಿಸಿ, ಒಣಗಿದ ಎಲೆ ಎಳೆದು ಹಾಕುವಷ್ಟರಲ್ಲಿ ಇಂದಿರಾಳ ಸೊಂಟ ಬಿದ್ದುಹೋಯಿತು. ರಿಪೆಕಾ ಪಕ್ಕದ ಸಾಲಿನಲ್ಲಿ ಅಷ್ಟೇ ಕೆಲಸ ಮಾಡಿದಳು, ಆಮೇಲೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟಳು. ಇಂದಿರಾ ತಂದಿದ್ದ ಕೋಡುಬಳೆಯನ್ನು ಇಬ್ಬರೂ ಕಟಕಟ ತಿಂದರು.

ತೋಟದೊಳಗೆ ಕಾಲಿಡುವ ಮುಂಚೆ ರಿಪೆಕಾ ನಿಂತು ತನ್ನ ಭಾಷೆಯಲ್ಲಿ ನಾಲ್ಕು ಮಾತು ಹೇಳುತ್ತಿದ್ದಳು. ಅರ್ಥ ಗೊತ್ತಿಲ್ಲದಿದ್ದರೂ ಇಂದಿರಾ ಚಪ್ಪಲಿ ಕಳಚಿ ತಲೆ ಬಗ್ಗಿಸುತ್ತಿದ್ದಳು. ಮಳೆ ಬರುವಾಗ ಕೊಯ್ಯಬಾರದು, ಕತ್ತಲಾದ ಮೇಲೆ ಕೊಯ್ಯಬಾರದು ಎಂದು ರಿಪೆಕಾ ಹೇಳಿದಾಗ ಇಂದಿರಾಳಿಗೆ ತನ್ನ ಅಜ್ಜಿ ನೆನಪಾದಳು. ಆಕೆ ತುಳಸಿಗೆ ಉಗುರು ತಾಗಿಸದವಳು. ಕೀಳುವ ಮುಂಚೆ ಕೈಮುಗಿಯುವಳು, ದ್ವಾದಶಿಯ ದಿನ ಕೀಳಳು. "ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟಬೇಡ್ವೇ, ಮಲಗಿರತ್ತೆ" ಎಂದು ಗದರುವಳು. ಇದೆಲ್ಲ ಇಂದಿರಾಳಿಗೆ ಗೊತ್ತಿಲ್ಲದ್ದಲ್ಲ. ವ್ಯಾಪಾರಕ್ಕೆ ನಿಂತ ಮೇಲೆ ಅದು ತುಳಸಿಗೆ ಮಾತ್ರ ಎಂದುಕೊಂಡುಬಿಟ್ಟಿದ್ದಳು. ನಾಚಿಕೆಯಾಯಿತು ಅವಳಿಗೆ, ತುಂಬ ನಾಚಿಕೆಯಾಯಿತು.

ಅಜ್ಜಿಯ ವಿಷಯ ರಿಪೆಕಾಳಿಗೆ ಹೇಳಿದಳು. ಮುಂದಿನ ಬುಧವಾರ ರಿಪೆಕಾ ಜೇಬಿನಿಂದ ಇಂದಿರಾಳದೇ ಚಾಕು ತೆಗೆದು ಕೊಟ್ಟಳು. "ಹೊರಗಿನದು ಮಾತ್ರ. ಮೇಲಿಂದ ಕೆಳಕ್ಕೆ ಓರೆಯಾಗಿ ಕೊಯ್ಯಿ, ಮಳೆ ನೀರು ಆಚೆ ಹರೀಬೇಕು. ಮಗುವಿನ ತಲೆ ಮೇಲೆ ನಿಲ್ಲಬಾರದು."

ಅಂದು ಇಂದಿರಾ ಕೊಯ್ದ ಎಲೆಗಳು ಗಟ್ಟಿ, ಕಡು ಹಸಿರು, ಅಂಚು ಹರಿತ. ಉಗುರಿನಿಂದ ಸೀಳಿ, ಚಾಕುವಿನ ಬೆನ್ನಿನಿಂದ ಒತ್ತಿ ಎಳೆದರೆ ಮೆತ್ತಗಾಗುತ್ತದೆಂದು ರಿಪೆಕಾ ತೋರಿಸಿದಳು. ಇಂದಿರಾ ಅದರಲ್ಲೇ ಒಂದು ಗಿಳಿ ಮಡಿಸಿದಳು. ಗಿಳಿಗೆ ಕತ್ತು ಸೊಟ್ಟಗಾಯಿತು. ರಿಪೆಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಕುಡಿದಿದೆ" ಎಂದಳು. ಬೇಸಿಗೆಯ ನಂತರ ಇಬ್ಬರೂ ಮೊದಲ ಸಲ ಜೋರಾಗಿ ನಕ್ಕರು.

ಆ ಸಂಜೆಯೇ ಧೈರ್ಯ ಮಾಡಿ ರಚನಾಳಿಗೆ ಫೋನ್ ಹಚ್ಚಿದಳು. ಸುಳಿ ಇನ್ನು ತಾನು ಕೊಯ್ಯುವುದಿಲ್ಲ, ಯಾಕೆ ಎಂದರೆ ಹೀಗೆ, ಬಲಿತ ಎಲೆಯಲ್ಲೇ ಮಂಟಪ ಕಟ್ಟುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದಳು.

"ಒಂದು ಗಿಡಕ್ಕೆ ಇಷ್ಟೊಂದು ಯೋಚನೆ ಮಾಡ್ತೀರಲ್ಲ ಇಂದಿರಾ" ಎಂದಳು ರಚನಾ, ಬೆಂಗಳೂರಿನ ನಯದ ದನಿಯಲ್ಲಿ. "ಎಲೆ ಯಾವುದಾದ್ರೂ ಹಾಕ್ಕೊಳ್ಳಿ. ನಂಗೆ ನಿಮ್ಮ ಹಳೇ ಮಂಟಪದ ಫೋಟೋದಲ್ಲಿದ್ದ ಹಾಗೇ ಇರ್ಬೇಕು ಅಷ್ಟೇ."

ಒಪ್ಪಿದಳೋ ಬಿಟ್ಟಳೋ ಹರಿಯಲಿಲ್ಲ. ಇಂದಿರಾ ಒಪ್ಪಿಗೆಯೆಂದೇ ಹಿಡಿದಳು.

ಮದುವೆಯ ವಾರ ಸೋಮವಾರದಿಂದಲೇ ಮಳೆ ಹಿಡಿಯಿತು. ಇಂದಿರಾ ದಿನಾ ಫೋನು ಮಾಡುವುದು, ರಿಪೆಕಾ ದಿನಾ "ಇಲ್ಲ" ಎನ್ನುವುದು. ಎಲೆ ಕುದಿಸಿ ಒಣಗಿಸಿದರೆ ತಿಳಿ ಬಣ್ಣ ಬರುತ್ತಿತ್ತು, ರಚನಾಳ ಫೋಟೋಕ್ಕೆ ಹತ್ತಿರವಾಗುತ್ತಿತ್ತು. ಅದಕ್ಕೆ ಬೇಕಾದ ದಿನಗಳೆಲ್ಲ ಮಳೆಯಲ್ಲೇ ಕೊಚ್ಚಿಹೋದವು. ಶುಕ್ರವಾರ ಬೆಳಗಾಗುವಾಗ ಮೋಡ ಹರಿಯಿತು. ಎಲೆಯ ಮೇಲಿನ ನೀರು ಆರುವವರೆಗೂ ರಿಪೆಕಾ ಬೇಲಿ ತೆರೆಯಲಿಲ್ಲ. ಕೊಯ್ದದ್ದನ್ನು ಯೂಟಿನಲ್ಲಿ ಹೇರಿಕೊಂಡು ತಾನೂ ಗ್ಯಾರೇಜಿಗೆ ಬಂದು ಕೂತಳು. ಲಿಂಗರಾಜ ರಜೆ ಹಾಕಿದ್ದ. ಮೂವರೂ ಸೀಳಿದ್ದೇ ಸೀಳಿದ್ದು. "ಆಂಟಿ, ನಮ್ಮ ಮದುವ್ಯಾಗೂ ನಾ ಇಷ್ಟ್ ದುಡಿದಿಲ್ಲ" ಎಂದು ಅವನು ಕನ್ನಡದಲ್ಲೇ ಹೇಳಿದ್ದು ರಿಪೆಕಾಳಿಗೆ ಹೇಗೆ ತಿಳಿಯಿತೋ, ನಕ್ಕಳು.

ಸಂಜೆ ರೊಟೊಟೂನದ ಹಾಲಿನಲ್ಲಿ ಮಂಟಪ ಎದ್ದು ನಿಂತಿತು. ಕಂಬಕ್ಕೆ ಕಡು ಹಸಿರಿನ ಹೆಣಿಗೆ, ಮೇಲೆ ಹಸಿರು ಗಿಳಿಗಳು, ನಡುನಡುವೆ ರಿಪೆಕಾ ಎಲೆಯಲ್ಲೇ ಸುತ್ತಿದ ಹೂಗಳು. ಇಂದಿರಾಳ ಕಣ್ಣಿಗೆ ಅದು ಚೆಂದವಾಗಿಯೇ ಕಂಡಿತು. ರಚನಾ ಬಂದು ಮಂಟಪಕ್ಕೆ ಒಂದು ಸುತ್ತು ಹಾಕಿದಳು. ಆಮೇಲೆ, "ಕಾಡಿನ ಹಾಗಿದೆ" ಎಂದಷ್ಟೇ ಹೇಳಿ ಹೋದಳು.

ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮರುದಿನ ಇಂದಿರಾ ಹಾಲಿಗೆ ಬಂದಾಗ ಗಂಡಿನ ಕಡೆಯವರು ಆಗಲೇ ಬಂದಿಳಿದಿದ್ದರು, ಒಲೆಯ ಮೇಲೆ ಉಪ್ಪಿಟ್ಟು ಕೂತಿತ್ತು. ಹೆಣ್ಣಿನ ಸೋದರಮಾವ ಶ್ರೀವತ್ಸ ರೇಷ್ಮೆ ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು ಎರಡು ದೊಡ್ಡ ಬುಟ್ಟಿಗಳನ್ನು ಎಳೆದು ತಂದು ಅವಳ ಮುಂದೆ ಇಟ್ಟ. ರಚನಾಳ ತಮ್ಮ, ಸಾಫ್ಟ್‌ವೇರಿನವನು, ಒಳ್ಳೆಯ ಹುಡುಗ. ಮುಖದಲ್ಲಿ ಸಂತೋಷ ತುಳುಕುತ್ತಿತ್ತು.

"ಆಂಟಿ, ನೋಡಿ! ಅಕ್ಕ ರಾತ್ರಿಯೆಲ್ಲ ಬೇಜಾರು ಮಾಡ್ಕೊಂಡಿದ್ಲು. ಮಳೇಲಿ ನಿಮಗೆ ಸಿಕ್ಕಿಲ್ಲ ಪಾಪ ಅಂತ ಬೆಳಿಗ್ಗೆ ಎದ್ದವನೇ ಹೋಗಿ ತಂದೆ. ತೊರೆ ಪಕ್ಕದ ವಾಕ್‌ವೇ ಉದ್ದಕ್ಕೂ ಇದೆ. ನಿಮ್ಮ ವಿಡಿಯೋ ನೋಡ್ಕೊಂಡೇ ತೆಗೆದೆ. ಒಂದಕ್ಕೂ ಗೀರು ಬಿದ್ದಿಲ್ಲ."

ಬುಟ್ಟಿಗಳ ತುಂಬ ಸುಳಿ. ಇಂದಿರಾ ಹಿಂದೆಂದೂ ಕಾಣದಷ್ಟು ಎಳೆಯವು, ಗೇಣುದ್ದದವು, ತುದಿ ಇನ್ನೂ ಬಿಚ್ಚದವು. ಬುಡದಿಂದ ಲೋಳೆ ಜಿನುಗುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಹಿಡಿಯುವುದು ಹೇಗೆಂದು ಊರಿಗೆಲ್ಲ ಹೇಳಿಕೊಟ್ಟವಳು ತಾನೇ.

"ಅಯ್ಯೋ, ಇದೇ! ಇದೇ ಬೇಕಿತ್ತು!" ರಚನಾ ಓಡಿಬಂದಳು. "ಮುಹೂರ್ತಕ್ಕೆ ಇನ್ನೂ ಟೈಮಿದೆ ಇಂದಿರಾ. ಮುಂದಿನ ಎರಡು ಕಂಬಕ್ಕಾದ್ರೂ ಸುತ್ತಿಬಿಡಿ."

"ಇಲ್ಲ ರಚನಾ ಅವ್ರೇ."

"ಇಲ್ಲ ಅಂದ್ರೆ? ಕೊಯ್ದಿದ್ದು ನೀವಲ್ಲ, ನಿಮಗ್ಯಾವ ಪಾಪವೂ ಇಲ್ಲ. ಹೇಗೂ ಕೊಯ್ದಾಯ್ತು. ಈಗ ಬಿಸಾಕಿದ್ರೆ ಗಿಡಕ್ಕೇನು ಬಂತು?"

ರಚನಾ ಹೇಳಿದ್ದು ತಪ್ಪೇನೂ ಅಲ್ಲ. ಹಾಲಿನ ಆ ತುದಿಯಲ್ಲಿ ರಿಪೆಕಾ ಹಸಿರು ರೇಷ್ಮೆ ಶಾಲು ಹೊದ್ದು ಕೂತಿದ್ದಳು. ಬುಟ್ಟಿಗಳನ್ನು ನೋಡಿದ್ದಳು, ಆದರೆ ಎದ್ದು ಬರಲಿಲ್ಲ. ಅವಳು ಬಂದು ಗದರಿದ್ದರೆ ಇಂದಿರಾಳಿಗೆ ಸುಲಭವಾಗುತ್ತಿತ್ತು.

"ಇವತ್ತು ಇದನ್ನ ಕಟ್ಟಿದ್ರೆ ಬಂದವರೆಲ್ಲ ನೋಡ್ತಾರೆ" ಎಂದಳು ಇಂದಿರಾ. "ವರಮಹಾಲಕ್ಷ್ಮಿಗೆ ಎಲ್ರ ಮನೆ ಕಲಶದ ಹಿಂದೆ ಇದೇ ಇರತ್ತೆ. ಶ್ರೀವತ್ಸನಿಗೆ ಇದನ್ನ ಕಲಿಸಿದ್ದು ಯಾರು? ನಾನೇ. ಇನ್ನು ಕಲಿಸಕ್ಕೆ ನನ್ನ ಕೈಲಾಗಲ್ಲ. ಬೇರೆ ಯಾರಾದ್ರೂ ಕಟ್ಟೋದಾದ್ರೆ ಕಟ್ಟಲಿ, ನಾನು ಅಡ್ಡ ಬರಲ್ಲ. ನಾನು ಕಟ್ಟಿದ್ದನ್ನೆಲ್ಲ ಬಿಚ್ಚಿಕೊಂಡು ಹೋಗ್ತೀನಿ."

ರಚನಾಳ ಮುಖ ಕೆಂಪಾಯಿತು. ಮದುವೆ ಮನೆಯಲ್ಲಿ ಇಂಥ ಮಾತು ಯಾರೂ ಆಡುವುದಿಲ್ಲ, ಅದು ಇಂದಿರಾಳಿಗೂ ಗೊತ್ತಿತ್ತು. ಅಷ್ಟರಲ್ಲಿ ಮೇಕಪ್ಪಿನ ಕೋಣೆಯ ಬಾಗಿಲಿನಿಂದ ಮದುಮಗಳು ಶ್ರೀರಕ್ಷಾ ತಲೆ ಹೊರಹಾಕಿದಳು. ಅರ್ಧ ಜಡೆಗೆ ಹೂ ಮುಡಿಸಿತ್ತು. "ಮಮ್, ಪ್ಲೀಸ್. ಐ ಲೈಕ್ ಇಟ್ ಗ್ರೀನ್. ಜಸ್ಟ್ ಲೀವ್ ಇಟ್."

ರಚನಾ ಬಿಟ್ಟಳು. ಆದರೆ ಇಂದಿರಾಳ ಜೊತೆ ದಿನವಿಡೀ ಒಂದು ಮಾತನ್ನೂ ಆಡಲಿಲ್ಲ, ಊಟಕ್ಕೆ ಏಳಿ ಎಂದೂ ಅನ್ನಲಿಲ್ಲ. ಹೊರಡುವಾಗ ಯಾರೊಡನೆಯೋ, "ಮುಂದಿನ ಸಲ ಪೆನ್‌ರೋಸ್ ಕಡೆಯವರನ್ನೇ ಕರೀಬೇಕು" ಎನ್ನುತ್ತಿದ್ದುದು ಇಂದಿರಾಳ ಕಿವಿಗೂ ಬಿತ್ತು. ಲಿಂಗರಾಜ ತಟ್ಟೆಗೆ ಬಡಿಸಿಕೊಂಡು ಬಂದು ಅವಳ ಕೈಗಿಟ್ಟ. "ತಿನ್ನು. ಹೋದ್ರ ಹೋತು" ಎಂದ. ಅವಳಿಗೆ ಅಳು ಬಂತು, ತಿಂದಳು.

ಜನ ಕರಗಿದ ಮೇಲೆ ರಿಪೆಕಾ ಬುಟ್ಟಿಗಳ ಹತ್ತಿರ ಬಂದಳು. ಯಾರೋ ಅದರ ಮೇಲೆ ಒದ್ದೆ ಟವೆಲ್ ಹೊದಿಸಿದ್ದರು, ಅವಳೇ ಇರಬೇಕು. ಶ್ರೀವತ್ಸ ಅಪರಾಧಿಯ ಹಾಗೆ ಪಕ್ಕದಲ್ಲಿ ನಿಂತಿದ್ದ. ಬೆಳಿಗ್ಗೆಯಿಂದ ಅವನಿಗೆ ಅರ್ಧಂಬರ್ಧ ಅರ್ಥವಾಗಿತ್ತು.

"ಎಲ್ಲಿಂದ ತಂದೆ?" ಎಂದು ರಿಪೆಕಾ ಅವನನ್ನು ಕೇಳಿದಳು. ಹೇಳಿದ. "ನಾಳೆ ಬೆಳಕಾದ ಮೇಲೆ ಅಲ್ಲಿಗೇ ತಗೊಂಡು ಹೋಗಿ, ಆ ಗಿಡಗಳ ಬುಡಕ್ಕೇ ಹಾಕಿ. ಎಲ್ಲಿಂದ ಬಂತೋ ಅಲ್ಲಿಗೆ."

"ನೀವು ಬರ್ತೀರಾ ಆಂಟಿ?" ಎಂದಳು ಇಂದಿರಾ.

"ಇಲ್ಲ. ಇದು ನಿಮ್ಮಿಬ್ಬರದು." ಅವಳು ಶಾಲು ಸರಿಮಾಡಿಕೊಂಡಳು. ಬಾಗಿಲವರೆಗೆ ಹೋಗಿ, "ಬುಧವಾರ ನನಗೆ ಡಾಕ್ಟರ ಹತ್ತಿರ ಹೋಗೋದಿದೆ. ಬೇಲಿಗೆ ಬೀಗ ಇಲ್ಲ, ನೀನು ನಿನ್ನ ಪಾಡಿಗೆ ಕೆಲಸ ಶುರು ಮಾಡು" ಎಂದಳು.

ಭಾನುವಾರ ಬೆಳಿಗ್ಗೆ ತೊರೆಯ ಪಕ್ಕದ ವಾಕ್‌ವೇಯಲ್ಲಿ ನಾಯಿ ಹಿಡಿದು ಓಡಾಡುವವರು ಒಬ್ಬಿಬ್ಬರಿದ್ದರು. ದಂಡೆಯ ಇಳಿಜಾರಿನಲ್ಲಿ ಗಿಡಗಳು ಸಾಲಾಗಿದ್ದವು. ಇಂದಿರಾ ಅವನ್ನು ಕಂಡು ಅಲ್ಲೇ ನಿಂತಳು. ದೊಡ್ಡ ಪೊದೆಗಳಿರಬಹುದೆಂದು ಎಣಿಸಿದ್ದಳು. ಇವು ಹೋದ ಚಳಿಗಾಲ ನೆಟ್ಟ ಸಸಿಗಳು, ಮೊಣಕಾಲಿನೆತ್ತರ. ಒಂದೊಂದರಲ್ಲೂ ಇದ್ದದ್ದು ಒಂದೇ ಸುಳಿ. ಅದು ಹೋದ ಮೇಲೆ ಎರಡೂ ಪಕ್ಕದ ಎಲೆಗಳು ನಡುವೆ ಬಾಯ್ದೆರೆದು ನಿಂತಿದ್ದವು.

ಶ್ರೀವತ್ಸ ಬುಟ್ಟಿ ಇಳಿಸಿ, ದಾರಿಯಂಚಿನ ಸಣ್ಣ ಹಲಗೆಯ ಮುಂದೆ ಬಗ್ಗಿದ. ನೆಟ್ಟ ಶಾಲೆಯ ಹೆಸರು ಅದರಲ್ಲಿತ್ತು.

"ಮಾನ್ಯಳ ಸ್ಕೂಲು" ಎಂದ. ಮಾನ್ಯ ಅವನ ಮಗಳು. "ಒಂದಿನ ಗಂಬೂಟ್ಸ್ ತುಂಬ ಕೆಸರು ಮಾಡ್ಕೊಂಡು ಬಂದಿದ್ಲು ಆಂಟಿ. ಕಾರ್ ಸೀಟೆಲ್ಲ ಹಾಳು ಮಾಡಿದ್ಲು ಅಂತ ನಾನು ಬೈದಿದ್ದೆ."

ಇಂದಿರಾ ಒಂದು ಹಿಡಿ ಸುಳಿ ತೆಗೆದುಕೊಂಡು ಮೊದಲ ಸಸಿಯ ಬುಡಕ್ಕೆ ಇಟ್ಟಳು. ಎರಡನೆಯದಕ್ಕೆ ಬಂದಾಗ ಕೈ ತಡೆಯಿತು. ಯಾವುದು ಯಾವ ಸಸಿಯದು ಎಂದು ಹೇಗೆ ತಿಳಿಯುವುದು? ಎಲ್ಲ ಒಂದೇ ಬಣ್ಣ, ಒಂದೇ ಉದ್ದ. ಬಹಳ ಹೊತ್ತು ಬುಟ್ಟಿಯೊಳಗೆ ನೋಡಿದಳು. ಕೊನೆಗೆ ಕೈಗೆ ಬಂದದ್ದನ್ನು ಒಂದೊಂದಾಗಿ ಇಡುತ್ತ ಹೋದಳು.

ಹಿಂದೆ ಸದ್ದಿಲ್ಲದ್ದು ಕಂಡು ತಿರುಗಿದಳು. ಶ್ರೀವತ್ಸ ಒದ್ದೆ ಹುಲ್ಲಿನಲ್ಲಿ ಮೊಣಕಾಲೂರಿ ಕೂತಿದ್ದ. ಒಂದು ಸುಳಿಯನ್ನು ಬೆರಳ ತುದಿಯಲ್ಲಿ ಹಿಡಿದು ಸಸಿಯ ನಡುವೆ, ಅದು ಇದ್ದ ಜಾಗದಲ್ಲೇ, ಮೆಲ್ಲಗೆ ಇಳಿಸುತ್ತಿದ್ದ. ಅದು ವಾಲಿತು. ತೆಗೆದು ಮತ್ತೆ ಇಳಿಸಿದ. ಮತ್ತೆ ವಾಲಿತು. ಮೂರನೆಯ ಸಲ ಎಲೆಯ ಅಂಟಿಗೆ ಕಚ್ಚಿಕೊಂಡು ನೆಟ್ಟಗೆ ನಿಂತಿತು, ಯಾರೂ ಮುಟ್ಟಿಯೇ ಇಲ್ಲವೆಂಬ ಹಾಗೆ.

"ನಿಂತ್ಕೊಳ್ತು ಆಂಟಿ" ಎಂದ ಅವನು, ತಲೆಯೆತ್ತದೆ.

ತೊರೆಯ ಕಡೆಯಿಂದ ಗಾಳಿ ಬೀಸಿತು. ಇಂದಿರಾ ಬುಟ್ಟಿಯನ್ನು ಕೆಳಗಿಟ್ಟು ಅವನ ಎದುರು ಕೂತು, ಸುಳಿಯ ಎರಡೂ ಪಕ್ಕದ ಎಲೆಗಳನ್ನು ಅಂಗೈಗಳಿಂದ ಒತ್ತಿ ಹಿಡಿದುಕೊಂಡಳು.